ಸಿಂಥಸೈಜರಿನ ಉಸಿರು

ಸದ್ದು ಬದಲಿಸಲು ಮುಂಬದಿಯ ತೂತುಗಳಿಗೆ ಚುಚ್ಚಿದ್ದ ಕೊನೆಯ ವೈರನ್ನೂ ಕಿತ್ತಮೇಲೆ ಸಿಂಥಸೈಜರ್ ಸುಮ್ಮನಾಗಬೇಕಿತ್ತು. ಆಗಲಿಲ್ಲ. ಕೊಳ್ಳುವ ಮೊದಲು ಪರೀಕ್ಷಿಸಲು ಬಂದಿದ್ದ, ನಾಟಕಗಳಿಗೆ ಹಿನ್ನೆಲೆ ಸಂಗೀತ ಮಾಡುವ ಹುಡುಗಿ ಕೈಯಲ್ಲಿದ್ದ ವೈರುಗಳನ್ನೇ ನೋಡಿದಳು. ಕರೆಂಟ್ ಇದ್ದರೆ ಸಾಕು, ಈ ವೈರುಗಳನ್ನು ಚುಚ್ಚದಿದ್ದರೂ ವಾದ್ಯ ನುಡಿಯುತ್ತದೆ, ನಿಜ. ಆದರೆ ಯಾರಾದರೂ ಕೀ ಒತ್ತಬೇಕು. ಯಾರೂ ಒತ್ತದೆಯೇ ಅದರೊಳಗಿಂದ ಉಸಿರೆಳೆದು ಬಿಡುವಂಥ ಸದ್ದು ಬರುತ್ತಲೇ ಇತ್ತು.

"ಹಳೇದಲ್ವಾ ಆಂಟಿ, ಒಳಗೆ ಏನೋ ಕೆಟ್ಟಿರ್ಬೇಕು," ಎಂದಳು, ತನಗೇ ಧೈರ್ಯ ಹೇಳಿಕೊಳ್ಳುವಂತೆ.

ಅದನ್ನು ಮಾರಲು ಹೊರಟಿದ್ದ ಮನೆಯೊಡತಿ ಕೋಣೆಯ ಬಾಗಿಲಲ್ಲೇ ನಿಂತಿದ್ದರು. "ಕೆಟ್ಟಿಲ್ಲಮ್ಮ. ನಮ್ಮೆಜಮಾನ್ರು ಮಲಗಿದಾಗ ಹೀಗೇ ಉಸಿರಾಡ್ತಿದ್ರು. ಎಳೆಯೋವಾಗ ಸಣ್ಣಗೆ ಸಿಳ್ಳೆ, ಬಿಡೋವಾಗ ಒಂಚೂರು ನಡುಕ. ಅವರು ಹೋದ್ಮೇಲೆ ಅವರ ಈ ವಾದ್ಯದಲ್ಲಿ ಇದು ಶುರುವಾಯ್ತು."

ಹುಡುಗಿ ವೈರುಗಳನ್ನು ಕೆಳಗಿಟ್ಟಳು. "ಹಾಗಿದ್ರೆ ಯಾಕೆ ಮಾರ್ತೀರಾ? ನಿಮ್ಮ ಹತ್ರಾನೇ ಇರ್ಲಿ."

"ಪಕ್ಕದಲ್ಲಿ ಮಲಗಿ ಇಷ್ಟು ವರ್ಷ ಕೇಳಿದ್ದು ಸಾಕು," ಎಂದರು ಆಕೆ, ವಾದ್ಯಕ್ಕೆ ಕೇಳಿಸಬಾರದೆಂಬಂತೆ ಮೆಲ್ಲಗೆ. "ತಗೊಂಡು ಹೋಗ್ಬಿಡು, ನಿನಗೆ ಪುಣ್ಯ ಬರುತ್ತೆ."

ಬೇಡವೆನ್ನಲು ಹುಡುಗಿ ಬಾಯಿ ತೆರೆದಳು. ಆದರೆ ಎಷ್ಟೋ ನಾಟಕಗಳಿಗಾಗಿ ಅವಳು ಹುಡುಕಿ ಸೋತಿದ್ದ ಸದ್ದು ಇದೇ ಆಗಿತ್ತು, ಕತ್ತಲಾದ ರಂಗದ ಮೇಲೆ ಯಾರೋ ಇದ್ದಾರೆ ಅನ್ನಿಸುವ ಸದ್ದು. "ತಗೋತೀನಿ," ಎಂದುಬಿಟ್ಟಳು.

ವಾದ್ಯದೊಳಗಿನ ಉಸಿರು ಗಕ್ಕನೆ ನಿಂತಿತು. ಮನೆಯೊಡತಿ ಗೋಡೆ ಹಿಡಿದುಕೊಂಡರು. ಸ್ವಲ್ಪ ಹೊತ್ತಿಗೆ ಅದು ಮತ್ತೆ ಶುರುವಾಯಿತು. ಈ ಸಲ ಸಿಳ್ಳೆಯೂ ಇರಲಿಲ್ಲ, ನಡುಕವೂ ಇರಲಿಲ್ಲ. ಹುಡುಗಿ ಉಸಿರೆಳೆದಾಗ ಅದೂ ಎಳೆಯಿತು. ಅವಳು ಹೆದರಿ ಉಸಿರು ಬಿಗಿಹಿಡಿದಾಗ, ಕಾಯುತ್ತಾ ನಿಂತಿತು.