ಬಣ್ಣ ಬಳಿಯದ ಹಲಗೆ

ಕೊನೆಯ ಹಲಗೆಯೂ ಸಮುದ್ರದಿಂದ ಬೋಳಾಗಿಯೇ ಮೇಲೆ ಬಂದಾಗ ಅವಳ ಮುಖದ ನಗು ಅಲ್ಲೇ ನಿಂತಿತು.

ಉಳಿದ ಹಲಗೆಗಳಿಗೆಲ್ಲ, ದೋಣಿಗಳ ತಳಕ್ಕೆ ಚಿಪ್ಪು ಅಂಟದಿರಲೆಂದು ಅವಳು ಪ್ರಯೋಗಾಲಯದಲ್ಲಿ ತಯಾರಿಸಿದ ಬಣ್ಣ ಬಳಿದಿತ್ತು. ಇಷ್ಟು ತಿಂಗಳು ದೋಣಿ ಕಟ್ಟುವ ಧಕ್ಕೆಯ ಕೆಳಗಿನ ನಿಂತ ನೀರಲ್ಲಿ ಮುಳುಗಿದ್ದರೂ ಒಂದರ ಮೇಲೂ ಚಿಪ್ಪಿಲ್ಲ, ಪಾಚಿಯಿಲ್ಲ. ಹಗ್ಗ ಎಳೆಯುತ್ತಿದ್ದ ಅಪ್ಪ ಹಿಗ್ಗಿಹೋಗಿದ್ದರು. ಜೀವಮಾನವೆಲ್ಲ ದೋಣಿಗಳ ತಳ ಕೆರೆದ ಅವರ ಅಂಗೈ ತುಂಬ ಚಿಪ್ಪು ಕೊಯ್ದ ಗೆರೆಗಳು. "ಇನ್ಮೇಲೆ ಯಾರ ಕೈಯೂ ಹೀಗಾಗಲ್ಲ ಬಿಡು ಮಗಳೇ," ಎಂದಿದ್ದರು.

ಈ ಕೊನೆಯದು ಮಾತ್ರ ಹೋಲಿಸಿ ನೋಡಲೆಂದು ಬಣ್ಣ ಸೋಕಿಸದೆ ಇಳಿಬಿಟ್ಟಿದ್ದ ಹಲಗೆ.

"ಅಪ್ಪಿತಪ್ಪಿ ಇದಕ್ಕೂ ಬಳಿದಿದ್ಯಾ?" ಅಪ್ಪ ಕೇಳಿದರು.

"ಇಲ್ಲಪ್ಪ. ಇದರ ಮೈತುಂಬ ಚಿಪ್ಪು ಮುತ್ತಿರಬೇಕಿತ್ತು. ಬಣ್ಣದ ವಿಷ ಹಲಗೆ ಬಿಟ್ಟು ನೀರಿಗೇ ಇಳಿದಿದೆ."

ಅವಳು ಮಂಡಿಯೂರಿ, ಧಕ್ಕೆಯ ಹಳೇ ಕಂಬದತ್ತ ಕೈ ಚಾಚಿದಳು. ಅವಳು ಹುಟ್ಟುವ ಮೊದಲಿಂದಲೂ ಅದರ ಮೇಲೆ ಚಿಪ್ಪುಗಳು ಗರಗಸದ ಹಲ್ಲಿನಂತೆ ಬೆಳೆದಿದ್ದವು.

"ಮುಟ್ಟಬೇಡ, ಕೊಯ್ಯುತ್ತೆ!" ಅಪ್ಪ ಕೂಗಿದರು.

ಅವಳು ಮೊಣಕೈವರೆಗೆ ನೀರಿಗೆ ಕೈಯಿಳಿಸಿ, ಕಂಬವನ್ನು ಮೇಲಿಂದ ಕೆಳಗೆ ಒತ್ತಿ ಸವರಿದಳು. ಆಮೇಲೆ ಒದ್ದೆ ಕೈಯನ್ನು ಅಪ್ಪನ ಮುಂದೆ ಬಿಚ್ಚಿ ಹಿಡಿದಳು.

ಅಂಗೈಯಲ್ಲಿ ಒಂದು ಗೀರೂ ಇರಲಿಲ್ಲ.