ಮೂರೂವರೆ ಗೀಟು

“ಎಷ್ಟು ಬಂತು?” ಮಂಚದ ಮೇಲಿಂದಲೇ ಅಪ್ಪ ಕೇಳಿದ.

“ಎರಡು ಗೀಟು,” ಎಂದಳು ಮಗಳು, ಮುಖ ಕೊಡದೆ. ಹಸಿ ಸುಳ್ಳು. ಈಗಷ್ಟೇ ತಾರಸಿಯ ಮೇಲೆ, ದೂರದರ್ಶಕದ ಗೀಟು ಕೊರೆದ ಮಸೂರದಲ್ಲಿ, ಆ ಎರಡು ಮಸುಕು ಚುಕ್ಕೆಗಳ ನಡುವೆ ಅವಳು ಎಣಿಸಿದ್ದು ಮೂರೂವರೆ.

ತೆಂಕಣ ಆಕಾಶದ ಬಕ ಎಂಬ ನಕ್ಷತ್ರಪುಂಜದಲ್ಲಿ ಎಲ್ಲರೂ ಒಂದೇ ಎಂದುಕೊಂಡಿದ್ದ ಚುಕ್ಕೆಯೊಂದು ಜೋಡಿ ನಕ್ಷತ್ರ ಎಂದು ನಲವತ್ತು ವರ್ಷದ ಹಿಂದೆ ಗುರುತಿಸಿದವನು ಕನ್ನಡಕದಂಗಡಿಯ ಈ ಅಪ್ಪ. ಜೋಡಿ ನಕ್ಷತ್ರಗಳ ಪಟ್ಟಿಯಲ್ಲಿ ಅದರ ಮುಂದೆ ಅವನ ಹೆಸರಿದೆ. ಅಮ್ಮ ಇದ್ದಷ್ಟು ದಿನ ಅದನ್ನು ‘ನನ್ನ ಸವತಿ’ ಎಂದೇ ಕರೆಯುತ್ತಿದ್ದಳು. ಅಂಗಡಿ ಬೆಳೆದಂತೆ ದೂರದರ್ಶಕಕ್ಕೆ ಮುಸುಕು ಬಿತ್ತು. ಆಮೇಲೆ ಅಪ್ಪನ ಮೊಣಕಾಲೂ ಕೈಕೊಟ್ಟಿತು. ಈ ವರ್ಷ ಮುಸುಕು ತೆಗೆದವಳು ಮಗಳು. ಹಗಲೆಲ್ಲ ಗಿರಾಕಿಗಳ ಕಣ್ಣು ಪರೀಕ್ಷೆ, ಕತ್ತಲಾದ ಮೇಲೆ ಇದು.

ಮೂರು ವಾರ ಅಳೆದಳು. ಅಪ್ಪನ ಹಳೆಯ ಅಳತೆ, ನಡುವೆ ಬೇರೆಯವರು ಅಳೆದದ್ದು, ತನ್ನದು, ಎಲ್ಲವನ್ನೂ ಹಾಳೆಯ ಮೇಲೆ ಗುರುತು ಹಾಕಿ ಗೆರೆ ಎಳೆದಳು. ಒಂದನ್ನೊಂದು ಸುತ್ತುವ ನಕ್ಷತ್ರಗಳಾದರೆ ದಾರಿ ಬಾಗಬೇಕು. ಇದು ಸ್ಕೇಲು ಇಟ್ಟು ಎಳೆದಂತೆ ನೆಟ್ಟಗಿತ್ತು. ಒಂದು ಹತ್ತಿರದ್ದು, ಇನ್ನೊಂದು ಎಲ್ಲೋ ಹಿಂದಿನದು; ಸಂಬಂಧವೇ ಇಲ್ಲದೆ ತಮ್ಮ ಪಾಡಿಗೆ ತಾವು ಹೋಗುತ್ತಿದ್ದವು. ಎಂಬತ್ತೆರಡರ ಮುದುಕನಿಗೆ ಇದನ್ನು ಯಾವ ಬಾಯಲ್ಲಿ ಹೇಳುವುದು?

“ನಾನು ಬರೆದದ್ದೂ ಎರಡೇ,” ಎಂದ ಅಪ್ಪ. “ನಲವತ್ತು ವರ್ಷದಲ್ಲಿ ಕೂದಲೆಳೆಯಷ್ಟೂ ಕದಲಿಲ್ವೇನೇ?”

“ಇಲ್ಲ.”

“ನನ್ನ ಕೋಲು ಕೊಡು.”

“ಮೆಟ್ಟಿಲು ಹತ್ತೋದಾ? ಬೇಡ ಅಪ್ಪಾ, ಗಾಳಿ ಇದೆ.”

“ಹಾರಿಹೋಗೋಕೆ ನಾನೇನು ಗಾಳಿಪಟನಾ? ಕೊಡು.”

ಹದಿನೆಂಟು ಮೆಟ್ಟಿಲಿಗೆ ಕಾಲು ಗಂಟೆ ಹಿಡಿಯಿತು. ಪೊರೆ ತೆಗೆಸಿದ್ದ ಕಣ್ಣನ್ನು ಅಪ್ಪ ಮಸೂರಕ್ಕೆ ಹಚ್ಚಿದ. ನೋಡಿದ. ಕಣ್ಣೊರೆಸಿಕೊಂಡು ಮತ್ತೆ ನೋಡಿದ. ತುಟಿ ಮಾತ್ರ ಎಣಿಸುತ್ತ ಅಲುಗುತ್ತಿತ್ತು.

“ಮೂರೂವರೆ,” ಎಂದ ಕೊನೆಗೆ. “ಗೆರೆ ಎಳೆದು ನೋಡಿದ್ಯಾ?”

“ನೋಡ್ದೆ.”

“ನೆಟ್ಟಗಿತ್ತಾ?”

ಅವಳು ತಲೆಯಾಡಿಸಿದಳು, ಕತ್ತಲಲ್ಲಿ ಕಾಣಲಿಲ್ಲವೇನೋ ಎಂದು “ಹೂಂ” ಎಂದಳು. “ಪಟ್ಟೀಲಿ ನಿನ್ನ ಹೆಸರು ಹೊಡೆದುಹಾಕ್ತಾರೆ ಅಪ್ಪಾ. ಅದಕ್ಕೇ...”

ಅಪ್ಪ ಗೋಡೆಗೊರಗಿ ಉಸಿರು ಸುಧಾರಿಸಿಕೊಂಡ. “ದಿನಾ ಅಂಗಡೀಲಿ ಕೂತು, ನಿಮಗೆ ಇನ್ನು ಇಷ್ಟೇ ಕಾಣೋದು ಅಂತ ಜನರಿಗೆ ಮುಖಕ್ಕೆ ಹೊಡೆದ ಹಾಗೆ ಹೇಳ್ತೀಯ. ನಿಮ್ಮಪ್ಪನ ಹತ್ರ ಬಾಯಿ ಬಿದ್ದುಹೋಯ್ತಾ?”

ಅವಳು ಟಾರ್ಚಿನ ಬೆಳಕಲ್ಲಿ ದಾಖಲೆ ಪುಸ್ತಕ ತೆರೆದು ‘ಮೂರೂವರೆ’ ಎಂದು ಬರೆದಳು.

“ಪಕ್ಕದಲ್ಲಿ ‘ಜೋಡಿಯಲ್ಲ’ ಅಂತ ಸೇರಿಸು. ಕೆಳಗೆ ನಿನ್ನ ಹೆಸರು ಹಾಕು. ಕಂಡುಹಿಡಿದವಳು ನೀನು.”

ಹಾಕಿದಳು. ಅಕ್ಷರ ಸ್ವಲ್ಪ ಸೊಟ್ಟಗಾಯಿತು. ಕೆಳಗೆ ಕರೆದುಕೊಂಡು ಹೋಗೋಣವೆಂದು ತಿರುಗಿದರೆ ಅಪ್ಪ ಮತ್ತೆ ಮಸೂರಕ್ಕೆ ಬಗ್ಗಿದ್ದ. ಎಷ್ಟು ಹೊತ್ತಾದರೂ ಏಳಲಿಲ್ಲ. ಅಳುತ್ತಿದ್ದಾನೇನೋ ಎಂದು ಅವಳು ಹೆದರಿ ಹತ್ತಿರ ಹೋದಳು.

“ಇಲ್ಲಿ ಬಾ,” ಅಪ್ಪ ಪಿಸುಗುಟ್ಟಿದ. “ಎಡಗಡೆ ಅಂಚಲ್ಲಿ ಒಂದು ಸಣ್ಣ ಚುಕ್ಕೆ ಇದೆ ನೋಡು. ಒಂದಾ, ಎರಡಾ? ಈ ಸಲ ನಿಜ ಹೇಳು.”