ಪೂರ್ತಿ ಕೇಳೋನು

"ಬೆಳಿಗ್ಗೆ... ನಾನು ಕಳಿಸಿದ್ದು... ಇದರಲ್ಲಿ ಹಾಕು," ಎಂದಳು ಅಕ್ಕ, ಹೊಸ ಸ್ಪೀಕರುಗಳ ಕಡೆ ಕೈ ತೋರಿಸಿ.

ತಮ್ಮ ಹಿಗ್ಗಿ ಹೀರೇಕಾಯಿಯಾದ. ಎದೆಯೆತ್ತರದ ಆ ಜೋಡಿ ಮನೆಗೆ ಬಂದಾಗಿನಿಂದ, ಅವುಗಳ ಸದ್ದು ಕೇಳಿಸದೆ ಯಾರಿಗೂ ಕಾಫಿ ಕೊಡುತ್ತಿರಲಿಲ್ಲ ಪುಣ್ಯಾತ್ಮ. ನೆಂಟರಿಷ್ಟರ ಬಾಯಲ್ಲಿ ಅವನ ಹೆಸರೇ ವೈಫೈ. ಯಾರ ಮನೆಯ ಟೀವಿ ಮೊಂಡು ಹಿಡಿಯಲಿ, ಯಾರ ಪಾಸ್‌ವರ್ಡ್ ಮರೆತುಹೋಗಲಿ, ಮೊದಲ ಫೋನು ವೈಫೈಗೆ. ಅವನ ಸ್ವಂತ ಚಾಳಿ ಇನ್ನೊಂದಿತ್ತು. ಸಿನಿಮಾ ಆಗಲಿ, ಸೀರಿಯಲ್ ಆಗಲಿ, ಯಾರದೋ ಭಾಷಣವಾಗಲಿ, ಮಾತಿನ ನಡುವಿನ ಬಿಡುವನ್ನೆಲ್ಲ ಹಾರಿಸಿ, ಎರಡು ಪಟ್ಟು ವೇಗದಲ್ಲಿ ಓಡಿಸಿಯೇ ನೋಡಬೇಕು. "ಇದ್ದ ಹಾಗೇ ನೋಡ್ತಾ ಕೂತ್ರೆ ಈ ಜನ್ಮದಲ್ಲಿ ಮುಗಿಯುತ್ತಾ?" ಎನ್ನುತ್ತಿದ್ದ. ಅವನ ಪಕ್ಕ ಕೂತು ಸಿನಿಮಾ ನೋಡುವುದನ್ನು ಹೆಂಡತಿ ಬಿಟ್ಟೇ ಬಿಟ್ಟಿದ್ದಳು. ಅಳುವುದಕ್ಕೂ ಟೈಮು ಸಿಗುತ್ತಿರಲಿಲ್ಲವಂತೆ, ಪಾಪ.

ಅಕ್ಕನ ಕಥೆಯೇ ಬೇರೆ. ಅರಳು ಹುರಿದ ಹಾಗೆ ಮಾತಾಡುತ್ತಿದ್ದವಳಿಗೆ ಹೋದ ವರ್ಷ ಸ್ಟ್ರೋಕ್ ಆಯಿತು. ಕೈಕಾಲು ಹೇಗೋ ದಾರಿಗೆ ಬಂದವು, ನಾಲಿಗೆ ಮಾತ್ರ ಹಠ ಹಿಡಿದು ಕೂತಿತು. ಒಂದು ಪದ ಆಡಿ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಹಣೆಯ ಮೇಲೆ ಬೆವರು. ದಿನಾ ಯಾರಿಗಾದರೂ ಏನಾದರೂ ಹೇಳಿ, ಹೇಳಿದ್ದನ್ನು ನೀವೂ ಕೇಳಿಸಿಕೊಳ್ಳಿ ಎಂದಿದ್ದರು ಮಾತು ಕಲಿಸುವ ಡಾಕ್ಟರಮ್ಮ. ಅಕ್ಕ ದಿನಾ ತಮ್ಮನ ಫೋನಿಗೆ ಮಾತಾಡಿ ಕಳಿಸುತ್ತಿದ್ದಳು. ತಮ್ಮನಿಂದಲೂ ದಿನಾ ತಪ್ಪದೆ ಉತ್ತರ ಹೋಗುತ್ತಿತ್ತು: ಎತ್ತಿದ ಹೆಬ್ಬೆರಳಿನ ಒಂದು ಚಿತ್ರ.

ಇವತ್ತಿನದನ್ನಂತೂ ಕೇಳದೆಯೇ ಹೆಬ್ಬೆರಳು ಎತ್ತಿ ಕಳಿಸಿದ್ದ. ಫೋನನ್ನು ಸ್ಪೀಕರಿಗೆ ಜೋಡಿಸುವಾಗ ಅದು ನೆನಪಾಗಿ ಎದೆಯಲ್ಲಿ ಸಣ್ಣಗೆ ಚುರ್ ಎಂದಿತು. ಇರಲಿ, ಈಗ ಕೇಳಿದರಾಯಿತಲ್ಲ ಎಂದುಕೊಂಡು ಒತ್ತಿದ.

ಅಕ್ಕನ ದನಿ ಕೋಣೆ ತುಂಬ ಸರಸರ ಹರಿಯಿತು. "ತಮ್ಮಾ, ನಾನು ಬಾಯಿ ತೆರೆದ್ರೆ ಸಾಕು, ಮಿಕ್ಕಿದ್ದನ್ನ ಎಲ್ಲರೂ ತಾವೇ ಹೇಳಿ ಮುಗಿಸಿಬಿಡ್ತಾರೆ ಕಣೋ. ನಿಮ್ಮ ಭಾವನೂ ಅಷ್ಟೇ, ಮಕ್ಕಳೂ ಅಷ್ಟೇ. ಪೂರ್ತಿ ಕೇಳೋನು ನೀನೊಬ್ಬನೇ. ನೀನಿದ್ದೀಯ ಅಂತಲೇ ದಿನಾ ಮಾತಾಡ್ತೀನಿ ನೋಡು."

ಅಷ್ಟೇ. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದೇಹೋಯಿತು. ಅಕ್ಕ ಬೆಳಿಗ್ಗೆಯೆಲ್ಲ ತಿಣುಕಿ ಹೇಳಿದ ಮಾತು! ಫೋನಿನ ಮೂಲೆಯಲ್ಲಿದ್ದ ಎರಡರ ಅಂಕಿ ವೈಫೈ ಕಣ್ಣಿಗೆ ಬಿದ್ದದ್ದು ಆಗ. ಕಿವಿಯವರೆಗೂ ಬಿಸಿಯಾಯಿತು. ಭೂಮಿ ಬಾಯಿ ಬಿಟ್ಟು ನುಂಗಬಾರದೇ ಅನ್ನಿಸಿತು.

"ಇದು... ನಾನಾ?" ಎಂದಳು ಅಕ್ಕ.

"ಅದು, ಅಕ್ಕಾ, ಹೊಸ ಸ್ಪೀಕರ್ ಅಲ್ವಾ, ಸೆಟ್ಟಿಂಗ್ ಏನೋ ಹೆಚ್ಚುಕಮ್ಮಿ ಆಗಿದೆ..."

ಕಾಫಿ ಹಿಡಿದು ಬಾಗಿಲಲ್ಲಿ ನಿಂತಿದ್ದ ಹೆಂಡತಿಗೆ ತಡೆಯಲಾಗಲಿಲ್ಲ. "ಪಾಪದ ಸ್ಪೀಕರಿನ ತಲೆ ಮೇಲೆ ಯಾಕ್ರೀ ಹಾಕ್ತೀರಿ? ಅತ್ತಿಗೆ, ಇವರು ಎಲ್ಲಾನೂ ಕೇಳೋದೇ ಹೀಗೆ, ಎರಡು ಪಟ್ಟು ಓಡಿಸಿ. ನಿಮ್ಮದೂ ಸೇರಿ." ಅಂದುಬಿಟ್ಟ ಮೇಲೆ ಅವಳಿಗೇ ಕಸಿವಿಸಿಯಾಗಿ ಲೋಟ ಮೇಜಿನ ಮೇಲಿಟ್ಟು ಅಲ್ಲೇ ನಿಂತಳು.

ಅಕ್ಕ ಸ್ಪೀಕರನ್ನೇ ನೋಡುತ್ತಿದ್ದಳು. ವೈಫೈಗೆ ತಲೆ ಎತ್ತುವ ಮುಖವಿರಲಿಲ್ಲ. ದಿನವೂ ಹಲ್ಲುಜ್ಜುತ್ತ, ಲಿಫ್ಟಿಗೆ ಕಾಯುತ್ತ ಕೇಳಿದ ಆ ಮಾತುಗಳಲ್ಲಿ ಒಂದಾದರೂ ನೆನಪಿದೆಯಾ ಎಂದು ಹುಡುಕಿದ. ಒಂದೂ ಸಿಗಲಿಲ್ಲ. ಥೂ, ನನ್ನ ಜನ್ಮಕ್ಕಿಷ್ಟು ಅಂದುಕೊಂಡ. ಅಕ್ಕ ಎದ್ದು ಬಂದು ಕಪಾಳಕ್ಕೆ ಒಂದು ಬಿಟ್ಟಿದ್ದರೂ ಎಷ್ಟೋ ಹಗುರಾಗುತ್ತಿತ್ತು.

"ತಪ್ಪಾಯ್ತಕ್ಕಾ," ಎಂದ, ನೆಲ ನೋಡುತ್ತ.

"ಇನ್ನೊಂದ್ಸಲ... ಹಾಕು."

ಗಡಿಬಿಡಿಯಲ್ಲಿ ವೇಗ ಇಳಿಸಿ, ಬಿಡುವು ಹಾರಿಸುವುದನ್ನೂ ನಿಲ್ಲಿಸಿ ಒತ್ತಿದ. "ತಮ್ಮಾ... ನಾನು... ಬಾಯಿ..." ಎಂದು ಸ್ಪೀಕರು ಏದುಸಿರು ಬಿಡತೊಡಗಿತು. ಪ್ರತಿ ಪದದ ಹಿಂದಿನ ಉಸಿರೂ ಕೇಳುತ್ತಿತ್ತು. ವೈಫೈ ಅದನ್ನು ಕೇಳುತ್ತಿದ್ದದ್ದು ಇದೇ ಮೊದಲು.

ಅಕ್ಕ ಕೈ ಅಡ್ಡ ಹಿಡಿದಳು. "ಇದಲ್ಲ... ಆಗ... ಹಾಕಿದ್ಯಲ್ಲ... ಅದು."

"ಅದು ಬೇಡಕ್ಕಾ. ಇನ್ಮೇಲೆ ಹೀಗೇ ಕೇಳ್ತೀನಿ, ದೇವರಾಣೆ. ಪೂರ್ತಿ ಕೇಳ್ತೀನಿ."

ಅಕ್ಕ ಬಾಯಿ ತೆರೆದಳು, ಪದ ಬರಲಿಲ್ಲ. ಅವಳೇನು ಹೇಳಹೊರಟಿದ್ದಾಳೆಂದು ತನಗೆ ಗೊತ್ತು ಅನ್ನಿಸಿ, ಹೇಳಿ ಮುಗಿಸಲು ಅವನ ನಾಲಿಗೆ ತುದಿಗೆ ಬಂದೇಬಿಟ್ಟಿತ್ತು. ತುಟಿ ಕಚ್ಚಿ ಕಾದ. ಬೈಗುಳಕ್ಕೇ ಕಾದಿದ್ದ.

"ಅದರಲ್ಲಿ..." ಎಂದಳು ಅಕ್ಕ, ಫೋನನ್ನು ಅವನ ಕಡೆ ಮೆಲ್ಲಗೆ ತಳ್ಳಿ. "ಅದರಲ್ಲಿ... ನನಗೆ... ಏನೂ... ಆಗೇ ಇಲ್ಲ... ಕಣೋ."